‘ಸೇಫ್ ಟು ರಿಟ್ರೈ’ ಅನ್ನೋ ಒಂದು ಸಾಲು ನಂಬಿ 48 ಬಾಕ್ಸ್ ಬಲ್ಬ್ ಇಳಿಸಿಕೊಂಡ ಕಥೆ

ಏಐ ಏಜೆಂಟ್‌ಗೆ (ನಮ್ಮ ಪರವಾಗಿ ತಾನೇ ಕೆಲಸ ಮಾಡೋ ಪ್ರೋಗ್ರಾಂ) ಬ್ರೌಸರ್ ಟೂಲ್, ಅಂದರೆ ವೆಬ್‌ಸೈಟ್ ತೆರೆದು ಗುಂಡಿ ಒತ್ತೋ ಸಾಧನ, ಜೋಡಿಸೋಕೆ ಹೊರಟಿರೋರು ದಯವಿಟ್ಟು ಓದಿ. ಬರೆಯೋಕೆ ನಾಚಿಕೆ ಆಗ್ತಿದೆ. ಸೆಲೆನಿಯಂ (ವೆಬ್‌ಸೈಟ್‌ಗಳನ್ನ ತಾನಾಗಿ ಪರೀಕ್ಷಿಸೋ ಹಳೇ ಟೂಲ್) ಕಾಲದಿಂದ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲೇ ಕೂದಲು ಬೆಳ್ಳಗೆ ಮಾಡ್ಕೊಂಡೋನು ನಾನು. ನನಗೇ ಟೋಪಿ ಬಿತ್ತು.

ತುಮಕೂರಲ್ಲಿ ನಮ್ಮ ಸೋದರಮಾವನದು ಎಲೆಕ್ಟ್ರಿಕಲ್ ಅಂಗಡಿ. ವಾರಕ್ಕೊಮ್ಮೆ ಹೋಲ್‌ಸೇಲ್‌ನವರ ಸೈಟಲ್ಲಿ ಆರ್ಡರ್ ಹಾಕೋದು ಅವರಿಗೆ ದೊಡ್ಡ ತಲೆನೋವು. ‘ಬಿಡಿ ಮಾವ, ಏಜೆಂಟ್ ಮಾಡುತ್ತೆ’ ಅಂತ ನಾನೇ ಮುಂದೆ ಬಿದ್ದು ಹೇಳಿದೆ. ಒಂದು ಕಂಪನಿಯ ಬ್ರೌಸರ್ ಟೂಲ್‌ಗೆ ದುಡ್ಡು ಕಟ್ಟಿ, ಎಂಸಿಪಿ (ಏಜೆಂಟ್‌ಗೆ ಟೂಲ್ ಜೋಡಿಸೋಕೆ ಇರೋ ಒಂದು ಮಾನದಂಡ) ಮೂಲಕ ಜೋಡಿಸಿದೆ. ಮಾವನದು ಉದ್ರಿ ಖಾತೆ, ಒಟಿಪಿ ಏನೂ ಇಲ್ಲ. ಗುಂಡಿ ಒತ್ತಿದರೆ ಆರ್ಡರ್ ಹೋಯ್ತು ಅಂತಲೇ.

ಆ ಟೂಲ್‌ನ ‘ಕ್ಲಿಕ್’ಗೆ ಇದ್ದ ವಿವರಣೆ ಎರಡೇ ಸಾಲು. ‘ಎಲಿಮೆಂಟ್ ಮೇಲೆ ಕ್ಲಿಕ್ ಮಾಡುತ್ತದೆ. ವಿಫಲವಾದರೆ ಮತ್ತೆ ಪ್ರಯತ್ನಿಸುವುದು ಸುರಕ್ಷಿತ.’ ಅಂದರೆ ‘ಸೇಫ್ ಟು ರಿಟ್ರೈ’. (ಎಲಿಮೆಂಟ್ ಅಂದರೆ ಪೇಜಿನಲ್ಲಿರೋ ಗುಂಡಿ, ಲಿಂಕ್ ಥರದ್ದು.) ನಾನು ಅದನ್ನ ಓದಿ ಖುಷಿಪಟ್ಟೆ. ಓದದೇ ಮೋಸ ಹೋದೆ ಅಂತ ಯಾರೂ ಹೇಳಬೇಡಿ, ಓದಿಯೇ ಮೋಸ ಹೋಗಿದ್ದು!

ಆ ದಿನ ಹೋಲ್‌ಸೇಲ್ ಸೈಟ್ ನಿಧಾನ ಇತ್ತು. ಏಜೆಂಟ್ ‘ಆರ್ಡರ್ ಮಾಡಿ’ ಒತ್ತಿತು. ಕ್ಲಿಕ್ ಹೋಯ್ತು, ಸರ್ವರ್‌ಗೂ ಮುಟ್ಟಿತು. ಆದರೆ ಮುಂದಿನ ಪೇಜ್ 30 ಸೆಕೆಂಡ್‌ನಲ್ಲಿ ಬರಲಿಲ್ಲ. ಟೂಲ್ ಕೊಟ್ಟ ಉತ್ತರ: ‘ಕ್ಲಿಕ್ ವಿಫಲ, ಟೈಮ್‌ಔಟ್’. ಕ್ಲಿಕ್ ಎಲ್ಲಿ ವಿಫಲ ಆಯ್ತು? ಕಾಯೋದು ಮುಗೀತು ಅಷ್ಟೇ. ಪಾಪ, ಏಜೆಂಟ್‌ಗೇನು ಗೊತ್ತು, ವಿಫಲ ಅಂದ್ರಲ್ಲ, ಮತ್ತೆ ಒತ್ತಿದರೆ ಸುರಕ್ಷಿತ ಅಂದಿದ್ರಲ್ಲ ಅಂತ ಮತ್ತೆ ಒತ್ತಿತು. ಮತ್ತೆ. ಮತ್ತೆ. ನಾಲ್ಕನೇ ಸಲ ಪೇಜ್ ಬಂತು. ‘ಆರ್ಡರ್ ಯಶಸ್ವಿ’ ಅಂತ ನನಗೆ ಮೆಸೇಜ್ ಕಳಿಸಿತು, ನಾನು ಅದನ್ನ ಮಾವನಿಗೆ ಫಾರ್ವರ್ಡ್ ಮಾಡಿ ಮೀಸೆ ತಿರುವಿದೆ.

ಮಾರನೇ ದಿನ ಅಂಗಡಿ ಮುಂದೆ ಲಗೇಜ್ ಆಟೋ. 12 ಬಾಕ್ಸ್ ಎಲ್‌ಇಡಿ ಬಲ್ಬ್ ಬರಬೇಕಿದ್ದ ಕಡೆ 48. ಮಾವ ಫೋನ್ ಮಾಡಿ ಬೈಯಲೂ ಇಲ್ಲ. ‘ಏನಪ್ಪಾ, ನಿನ್ನ ರೋಬೋಟ್‌ಗೆ ಮಗ್ಗಿ ಬರಲ್ವಾ?’ ಅಂದ್ರು. ಹಿಂದೆ ಅತ್ತೆ ನಗೋದು ಕೇಳಿಸ್ತು. (ಒಂದೇ ಆರ್ಡರ್ ನಾಲ್ಕು ಸಲ ಬಂದರೆ ಹೋಲ್‌ಸೇಲ್ ಸೈಟೂ ತಡೀಬೇಕಿತ್ತು. ಅದು ಬೇರೆ ಜಗಳ.)

ಈಗ ಕಂಪನಿಯ ಸಪೋರ್ಟ್‌ನವರ ಮಾತು ಕೇಳಿ. ಮೊದಲ ಉತ್ತರ: ‘ಇದು ನಿಮ್ಮ ಏಜೆಂಟ್‌ನ ಏಐ ಮಾಡೆಲ್ ತಪ್ಪು, ಬೇರೆ ಮಾಡೆಲ್ ಹಾಕಿ ನೋಡಿ.’ ನಾನು ಲಾಗ್ (ಏನೇನು ನಡೀತು ಅನ್ನೋ ದಾಖಲೆ) ಕಳಿಸಿದೆ. ಎರಡನೇ ಉತ್ತರ: ‘ಟೈಮ್‌ಔಟ್ ಆದಮೇಲೆ ಪೇಜ್ ಪರೀಕ್ಷಿಸಬೇಕು ಅಂತ ನಮ್ಮ ವೆಬ್‌ಸೈಟಿನ ಪ್ರಶ್ನೋತ್ತರದಲ್ಲಿದೆ.’ ಅಯ್ಯೋ ದೇವರೇ! ಏಜೆಂಟ್ ನಿಮ್ಮ ವೆಬ್‌ಸೈಟ್ ಓದುತ್ತಾ? ಅದರ ಕಣ್ಣಿಗೆ ಬೀಳೋದು ಟೂಲ್ ಜೊತೆ ಹೋಗೋ ಆ ಎರಡು ಸಾಲು ಮಾತ್ರ. ಮನುಷ್ಯರಿಗೆ ಒಂದು, ಏಜೆಂಟ್‌ಗೆ ಇನ್ನೊಂದು ಬರೆದಿಟ್ಟಿದ್ದಾರೆ.

ಮೂರನೇ ಉತ್ತರಕ್ಕೆ ನನ್ನ ಮೈ ಉರಿದುಹೋಯ್ತು. ‘ಸುರಕ್ಷಿತ ಅಂದರೆ ಮತ್ತೆ ಒತ್ತಿದರೂ ಬ್ರೌಸರ್ ಕ್ರ್ಯಾಶ್ ಆಗುವುದಿಲ್ಲ ಎಂದರ್ಥ.’ ಬ್ರೌಸರ್‌ಗೆ ಸುರಕ್ಷಿತವಂತೆ! ಮಾವನ ಉದ್ರಿ ಖಾತೆಗಲ್ಲ. ಅದನ್ನ ಎಷ್ಟು ಸಲ ಓದಿದೆನೋ ಲೆಕ್ಕ ಇಲ್ಲ.

ಆಮೇಲೆ ಟೂಲ್ ಪಟ್ಟಿ ಪೂರ್ತಿ ಕೆದಕಿದೆ. ಎಂಸಿಪಿಯಲ್ಲಿ 2025ರ ಮಾರ್ಚ್ ಆವೃತ್ತಿಯಿಂದ ಪ್ರತಿ ಟೂಲ್‌ಗೂ ಸುಳಿವು ಬರೆಯೋಕೆ ಜಾಗ ಇದೆ: ಬರೀ ಓದುತ್ತಾ, ಹಾಳು ಮಾಡಬಹುದಾ, ಎರಡು ಸಲ ಮಾಡಿದರೂ ಪರಿಣಾಮ ಒಂದೇನಾ. ಕೊನೇದಕ್ಕೆ ‘ಐಡೆಂಪೊಟೆಂಟ್’ ಅಂತಾರೆ. ಲಿಫ್ಟ್ ಗುಂಡಿ ಹತ್ತು ಸಲ ಒತ್ತಿದರೂ ಲಿಫ್ಟ್ ಬರೋದು ಒಂದೇ ಸಲ, ಹಾಗೆ. ಇವರು ಎಲ್ಲಾ ಟೂಲ್‌ಗೂ ಐಡೆಂಪೊಟೆಂಟ್ ಅನ್ನೋ ಜಾಗದಲ್ಲಿ ‘ಹೌದು’ ಅಂತ ಕಾಪಿ ಪೇಸ್ಟ್ ಮಾಡಿಟ್ಟಿದ್ದಾರೆ. ಕ್ಲಿಕ್‌ಗೂ ಹೌದು, ಫಾರ್ಮ್ ಕಳಿಸೋದಕ್ಕೂ ಹೌದು!

ಸರಿಯಾಗಿ ಬರೆಯೋಕೆ ಆಗಲ್ಲ ಅಂತೇನಿಲ್ಲ. ಬ್ರೌಸರನ್ನ ತಾನಾಗಿ ನಡೆಸೋ ಮೈಕ್ರೋಸಾಫ್ಟ್‌ನ ಪ್ಲೇರೈಟ್ ಅನ್ನೋ ಟೂಲ್‌ನ ಡಾಕ್ಯುಮೆಂಟ್ ನೋಡಿ. ಕ್ಲಿಕ್‌ಗೆ ಮುಂಚೆ ಎಲಿಮೆಂಟ್ ಕಾಣ್ತಿದೆಯಾ, ಅಲುಗಾಡದೆ ನಿಂತಿದೆಯಾ, ಮೇಲೆ ಬೇರೇನಾದ್ರೂ ಮುಚ್ಚಿದೆಯಾ, ಡಿಸೇಬಲ್ ಆಗಿದೆಯಾ ಅಂತ ಏನೇನು ಪರೀಕ್ಷೆ ಮಾಡುತ್ತೆ ಅನ್ನೋದು ಬರೆದಿದೆ. ‘ಖಚಿತಾನಾ?’ ಅಂತ ಕೇಳೋ ಡೈಲಾಗ್‌ಗೆ ನೀವು ಏನೂ ಹೇಳದೇ ಇದ್ದರೆ ಅದು ತಾನೇ ಮುಚ್ಚಿಬಿಡುತ್ತೆ ಅನ್ನೋದೂ ಇದೆ. ಇಷ್ಟು ಬರೆದರೆ ಸಾಕಿತ್ತು ಇವರಿಗೆ.

ಹಾಗಾಗಿ ದುಡ್ಡು ಕಟ್ಟೋ ಮುಂಚೆ ಮಾರ್ಕೆಟಿಂಗ್ ಪೇಜ್ ಬಿಡಿ, ಏಜೆಂಟ್‌ಗೆ ಹೋಗೋ ವಿವರಣೆಯನ್ನೇ ತೆಗೆದು ಓದಿ. ಯಶಸ್ವಿ ಅಂದರೆ ಏನಾದಾಗ? ಎರರ್ ಬಂದರೆ ಕೆಲಸ ಆಗಿರೋ ಸಾಧ್ಯತೆ ಇದೆಯಾ? ಇದಕ್ಕೆಲ್ಲ ಅಲ್ಲಿ ಉತ್ತರ ಇಲ್ಲ ಅಂದ್ರೆ ಮುಟ್ಟಬೇಡಿ. ದುಡ್ಡಿನ ಗುಂಡಿ ನೀವೇ ಒತ್ತಿ.

ಹೋಲ್‌ಸೇಲ್‌ನವರು 20 ಬಾಕ್ಸ್ ವಾಪಸ್ ತಗೊಂಡ್ರು, ಉಳಿದಿದ್ದು ಮಾವನ ಮನೆ ಮೆಟ್ಟಿಲ ಕೆಳಗಿದೆ. ಮೊನ್ನೆ ನೋಡಿದರೆ ಆ ‘ಸುರಕ್ಷಿತ’ ಸಾಲು ಸದ್ದಿಲ್ಲದೆ ಮಾಯ. ನನ್ನ ದೂರಿಗೆ ‘ಪರಿಹರಿಸಲಾಗಿದೆ’ ಅಂತ ಮುದ್ರೆ. ದುಡ್ಡು ವಾಪಸ್ ಕೇಳಿದ್ದಕ್ಕೆ ಕ್ರೆಡಿಟ್ ಕೊಟ್ಟಿದ್ದಾರೆ, ಅದೇ ಟೂಲ್‌ನಲ್ಲಿ ಇನ್ನೂ 500 ಕ್ಲಿಕ್ ಮಾಡೋಕೆ.