‘ತೂಕ ಬರುವ ಪುಡಿ’ ಎಂದು ಲೇಬಲ್ ಇಲ್ಲದ ಡಬ್ಬಿ ಕೊಟ್ಟರೆ ಮಗುವಿಗೆ ತಿನ್ನಿಸಬೇಡಿ

ಮಗುವಿನ ತೂಕ ಹೆಚ್ಚಿಸುತ್ತದೆ ಎಂದು ಹೇಳಿ, ಒಳಗೆ ಏನೇನಿದೆ ಎಂಬುದನ್ನು ಎಲ್ಲಿಯೂ ನಮೂದಿಸದೆ ಮಾರುವ ಪುಡಿ ಮತ್ತು ಸಿರಪ್‌ಗಳನ್ನು ಯಾರು ಹೇಳಿದರೂ ದಯವಿಟ್ಟು ಬಳಸಬೇಡಿ. ನನ್ನ ತಂಗಿಯ ಎರಡೂವರೆ ವರ್ಷದ ಮಗಳು ಅಂಥದೊಂದು ಪುಡಿಯಿಂದ ಪಟ್ಟ ಪಾಡನ್ನು ಕಣ್ಣಾರೆ ಕಂಡು ಇದನ್ನು ಬರೆಯುತ್ತಿದ್ದೇನೆ.

ಮೊದಮೊದಲು ಮನೆಯವರಿಗೆಲ್ಲ ಸಂತೋಷವೇ ಆಗಿತ್ತು. ತುತ್ತು ಕಂಡರೆ ಮುಖ ತಿರುಗಿಸುತ್ತಿದ್ದ ಮಗು ತಾನಾಗಿಯೇ ಕೇಳಿ ಉಣ್ಣತೊಡಗಿತು, ಕೆನ್ನೆ ತುಂಬಿಕೊಂಡಿತು, ನೋಡಿದವರು ಮೈಕೈ ತುಂಬಿಕೊಂಡಿದೆ ಎಂದರು. ಆದರೆ ಮುಖ ಮತ್ತು ಹೊಟ್ಟೆ ಮಾತ್ರ ಉಬ್ಬುತ್ತಾ ಹೋಗಿ, ಕೈಕಾಲು ಮೊದಲಿನಂತೆಯೇ ಸಣಕಲಾಗಿ ಉಳಿದವು. ರಾತ್ರಿ ನಿದ್ದೆಯಿಲ್ಲದೆ ರಚ್ಚೆ ಹಿಡಿಯುತ್ತಿತ್ತು. ಮಕ್ಕಳ ವೈದ್ಯರು ಮುಖ ನೋಡಿದೊಡನೆಯೇ ಮಗುವಿಗೆ ಏನು ಕೊಡುತ್ತಿದ್ದೀರಿ ಎಂದು ಕೇಳಿದರು. ರಕ್ತಪರೀಕ್ಷೆಯಲ್ಲಿ, ದೇಹ ತಾನೇ ತಯಾರಿಸಿಕೊಳ್ಳಬೇಕಾದ ಕಾರ್ಟಿಸಾಲ್ ಎಂಬ ಹಾರ್ಮೋನ್ ತೀರಾ ಕಡಿಮೆಯಿತ್ತು. ಅದರಂತೆಯೇ ಕೆಲಸ ಮಾಡುವ ಸ್ಟೀರಾಯ್ಡ್ ಔಷಧ ಹೊರಗಿನಿಂದ ಬರುತ್ತಿದ್ದರೆ ದೇಹ ತಾನು ತಯಾರಿಸುವುದನ್ನು ಕಡಿಮೆ ಮಾಡುತ್ತದೆ. ಹಾಗಾಗಿ ಪುಡಿಯಲ್ಲಿ ಸ್ಟೀರಾಯ್ಡ್ ಬೆರೆಸಿರಬೇಕು ಎಂಬುದು ವೈದ್ಯರ ತೀರ್ಮಾನವಾಗಿತ್ತು.

ಸ್ಟೀರಾಯ್ಡ್ ಹಸಿವನ್ನು ಕೆರಳಿಸಿ, ಮುಖ ಮತ್ತು ಹೊಟ್ಟೆಯ ಭಾಗದಲ್ಲಿ ಕೊಬ್ಬನ್ನು, ಮೈಯಲ್ಲಿ ನೀರನ್ನು ತುಂಬುತ್ತದೆ. ಅದೇ ಹೊತ್ತಿಗೆ ಸ್ನಾಯುವನ್ನು ಕರಗಿಸುತ್ತದೆ, ಎತ್ತರದ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ, ಸೋಂಕು ತಡೆಯುವ ಶಕ್ತಿಯನ್ನು ಕುಗ್ಗಿಸುತ್ತದೆ. ತಕ್ಕಡಿಯಲ್ಲಿ ಏರುವ ಇಂಥ ತೂಕವನ್ನು ಪುಷ್ಟಿ ಎನ್ನಲಾಗದು. ಹಸಿವಿಗೆಂದು ಕೆಲವರು ಕೊಡಿಸುವ ಸೈಪ್ರೊಹೆಪ್ಟಡಿನ್ ಕೂಡ ಮೂಲತಃ ಅಲರ್ಜಿಯ ಔಷಧ; ಅದು ಮಂಪರು ತರಿಸುತ್ತದೆ, ವೈದ್ಯರು ಬರೆದುಕೊಡದೆ ಅದನ್ನೂ ಕೊಡಬಾರದು.

ನನಗೆ ಅತ್ಯಂತ ನೋವಾದ ಸಂಗತಿಯೆಂದರೆ, ಆ ಮಗುವಿಗೆ ಔಷಧದ ಅಗತ್ಯವೇ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2006ರಲ್ಲಿ ಹೊರತಂದ, ವಯಸ್ಸಿಗೆ ತಕ್ಕ ತೂಕವನ್ನು ಗೆರೆಗಳಲ್ಲಿ ತೋರಿಸುವ ಬೆಳವಣಿಗೆಯ ನಕ್ಷೆಯಲ್ಲಿ ವೈದ್ಯರು ಹಳೆಯ ತೂಕಗಳನ್ನೆಲ್ಲ ಗುರುತಿಸಿ ತೋರಿಸಿದಾಗ, ಪುಡಿ ಆರಂಭಿಸುವ ಮುನ್ನ ಮಗು ತನ್ನದೇ ಗೆರೆಯಲ್ಲಿ ಸರಿಯಾಗಿಯೇ ಬೆಳೆಯುತ್ತಿತ್ತು. ಮೊದಲ ವರ್ಷದಲ್ಲಿ ಹುಟ್ಟುತೂಕದ ಸುಮಾರು ಮೂರು ಪಟ್ಟಾಗುವ ಮಗು, ಎರಡು ವರ್ಷದ ನಂತರ ವರ್ಷಕ್ಕೆ ಸುಮಾರು 2 ಕಿಲೋ ಮಾತ್ರ ಹೆಚ್ಚುತ್ತದೆ. ಊಟವೂ ಅದಕ್ಕೆ ತಕ್ಕಂತೆ ಇಳಿಯುತ್ತದೆ. ಸಾಲದ್ದಕ್ಕೆ ಈ ಮಗು ದಿನವಿಡೀ ಬಾಟಲಿಯಲ್ಲಿ ಹಾಲು ಕುಡಿಯುತ್ತಿತ್ತು. ಹಾಲಿನಿಂದಲೇ ಹೊಟ್ಟೆ ತುಂಬಿದರೆ ಊಟ ಸೇರುವುದಿಲ್ಲ, ಕಬ್ಬಿಣಾಂಶವೂ ಕಡಿಮೆಯಾಗುತ್ತದೆ. ಹಾಲನ್ನು ದಿನಕ್ಕೆ ಅರ್ಧ ಲೀಟರಿನೊಳಗೆ ಇಳಿಸಿ, ಮೂರು ಊಟ ಮತ್ತು ನಡುವೆ ಎರಡು ತಿಂಡಿಗೆ ಹೊತ್ತು ಗೊತ್ತುಮಾಡಿ, ಮೊಟ್ಟೆ, ಬೇಳೆಕಾಳು ಸೇರಿಸಿ, ಊಟಕ್ಕೆ ಒಂದು ಚಮಚ ಎಣ್ಣೆಯನ್ನೋ ಬೆಣ್ಣೆಯನ್ನೋ ಬೆರೆಸಲು ವೈದ್ಯರು ಹೇಳಿದರು. ಒಂದು ಸಣ್ಣ ಚಮಚ ಎಣ್ಣೆಯಲ್ಲೇ ಸುಮಾರು 40 ಕ್ಯಾಲೊರಿ ಇರುತ್ತದೆ.

ತೂಕದ ಗೆರೆ ಕೆಳಗಿಳಿಯುತ್ತಿದ್ದರೆ, ಅಥವಾ ಭೇದಿ, ಜ್ವರ, ಕೆಮ್ಮು ಬಿಡದೆ ಕಾಡುತ್ತಿದ್ದರೆ ಕಾರಣ ಹುಡುಕಿಸಲೇಬೇಕು. ಈಗಾಗಲೇ ಇಂಥ ಪುಡಿ ಕೊಡುತ್ತಿರುವವರು ಹೆದರಿ ಅದನ್ನು ಒಮ್ಮೆಲೇ ನಿಲ್ಲಿಸಿ ಸುಮ್ಮನಾಗಬೇಡಿ. ಹೆಚ್ಚು ದಿನ ಸ್ಟೀರಾಯ್ಡ್ ಹೋದ ದೇಹಕ್ಕೆ ಅದು ಥಟ್ಟನೆ ನಿಂತರೆ ರಕ್ತದೊತ್ತಡ, ಸಕ್ಕರೆ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಅದೇ ದಿನ ಮಗುವನ್ನೂ ಡಬ್ಬಿಯನ್ನೂ ಮಕ್ಕಳ ವೈದ್ಯರ ಬಳಿಗೆ ಒಯ್ಯಿರಿ. ಮಗು ವಾಂತಿ ಮಾಡುತ್ತಿದ್ದರೆ ಅಥವಾ ಎಬ್ಬಿಸಿದರೂ ಏಳದಷ್ಟು ಸುಸ್ತಾಗಿದ್ದರೆ ನೇರವಾಗಿ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ.