ಬೈಕಿನ ಫ್ಯೂಯಲ್ ಪಂಪ್: ಇಡೀ ಅಸೆಂಬ್ಲಿ ಬೇಕೇ, ಮೋಟರ್ ಮಾತ್ರ ಸಾಕೇ?

ಇಂಜೆಕ್ಷನ್ ಬೈಕಿನ, ಅಂದರೆ ಕಾರ್ಬ್ಯುರೇಟರ್ ಬದಲು ಇಂಜೆಕ್ಟರ್ ಎಂಬ ನಳಿಕೆಯಿಂದ ಪೆಟ್ರೋಲ್ ಸಿಂಪಡಿಸುವ ಬೈಕಿನ, ಪಂಪ್ ಸೋತಾಗ ಮೂರು ದಾರಿಗಳಿವೆ. ಟ್ಯಾಂಕಿನೊಳಗಿನ ಇಡೀ ಅಸೆಂಬ್ಲಿಯನ್ನು ತೆಗೆದು ಬೈಕ್ ಕಂಪನಿಯದ್ದೇ ಹೊಸದನ್ನು ಕೂರಿಸಬಹುದು. ಹಳೆಯ ಪ್ಲಾಸ್ಟಿಕ್ ಗೂಡನ್ನು ಉಳಿಸಿಕೊಂಡು ಮೋಟರ್, ಫಿಲ್ಟರ್ ಮಾತ್ರ ಬದಲಿಸಬಹುದು. ಇಲ್ಲವೇ ಹೆಚ್ಚು ಹರಿವಿನ ದೊಡ್ಡ ಪಂಪಿಗೆ ಹೋಗಬಹುದು. ಒಂದೇ ಬೈಕಿಗೆ ಈ ಮೂರನ್ನೂ ಹಾಕಿ ಓಡಿಸಿ ನೋಡಿದ ಮೇಲೆ ನನ್ನ ಒಲವು ಎರಡನೆಯದರ ಕಡೆಗೇ ನಿಂತಿದೆ. ಆದರೆ ಅದಕ್ಕೆ ಒಂದು ಷರತ್ತು ಇದೆ, ಮುಂದೆ ಹೇಳುತ್ತೇನೆ.

ಯಾವುದನ್ನೇ ಕೊಳ್ಳುವ ಮೊದಲು ದೋಷ ಪಂಪಿನದ್ದೇ ಎಂದು ಖಚಿತವಾಗಬೇಕು. ಹೆಚ್ಚಿನ ಬೈಕುಗಳಲ್ಲಿ ಪಂಪ್ ಸುಮಾರು 3 ಬಾರ್ ಒತ್ತಡ ಕೊಡುತ್ತದೆ. ನಿಮ್ಮ ಬೈಕಿನ ಸರಿಯಾದ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿರುತ್ತದೆ. ಪೈಪಿನ ನಡುವೆ ಮೂರು ಬಾಯಿಯ ಟಿ ಜೋಡಿಸಿ ಒತ್ತಡದ ಗೇಜ್ ಹಾಕಿದೆ. ಐಡಲ್‌ನಲ್ಲಿ ಮುಳ್ಳು ಸರಿಯಾಗಿಯೇ ನಿಂತಿತ್ತು, ಆಕ್ಸಿಲರೇಟರ್ ತಿರುವಿದರೆ 2.4ಕ್ಕೆ ಜಾರುತ್ತಿತ್ತು. ಒತ್ತಡ ಐದರಲ್ಲೊಂದು ಪಾಲು ಇಳಿದರೆ ಇಂಜೆಕ್ಟರಿನಿಂದ ಬರುವ ಪೆಟ್ರೋಲ್ ಶೇ. 10ರಷ್ಟು ಕಡಿಮೆಯಾಗುತ್ತದೆ, ಯಾಕೆಂದರೆ ಹರಿವು ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಬದಲಾಗುತ್ತದೆ. ಊರೊಳಗೆ ಸಲೀಸಾಗಿ ಓಡುವ ಗಾಡಿ ಏರಿನಲ್ಲಿ, ಹೆಚ್ಚು ವೇಗದಲ್ಲಿ ತಡವರಿಸುವುದು ಹೀಗೆ. ಪಂಪಿನ ಕನೆಕ್ಟರಿನಲ್ಲಿ ವೋಲ್ಟೇಜನ್ನೂ ಅಳೆಯಿರಿ. ಬ್ಯಾಟರಿಯಲ್ಲಿರುವುದಕ್ಕಿಂತ ಅಲ್ಲಿ ತುಂಬಾ ಕಡಿಮೆ ಇದ್ದರೆ ತಪ್ಪು ವೈರಿನದು, ರಿಲೇಯದು ಅಥವಾ ತುಕ್ಕು ಹಿಡಿದ ಪಿನ್ನಿನದು. ಆಗ ಹೊಸ ಪಂಪ್ ಹಾಕಿದರೂ ಅದೇ ಕಥೆ.

ಇಡೀ ಅಸೆಂಬ್ಲಿಯ ದೊಡ್ಡ ಅನುಕೂಲವೆಂದರೆ ಮೋಟರ್, ಫಿಲ್ಟರ್, ಒತ್ತಡವನ್ನು ಹದದಲ್ಲಿಡುವ ಪ್ರೆಷರ್ ರೆಗ್ಯುಲೇಟರ್, ಪೆಟ್ರೋಲ್ ಮಟ್ಟ ತೋರಿಸುವ ತೇಲು, ಒಳಗಿನ ಪೈಪ್ ಎಲ್ಲವೂ ಒಂದೇ ಸಲಕ್ಕೆ ಹೊಸದಾಗುತ್ತವೆ. ಹಳೆಯದನ್ನು ಬಿಚ್ಚಿ ಇದನ್ನು ಕೂರಿಸಿದೆ, ಮುಳ್ಳು 3ರಲ್ಲಿ ಅಲುಗಾಡದೆ ನಿಂತಿತು. ಆಮೇಲೆ ಏರಿನಲ್ಲಿ ತಡವರಿಕೆ ಇಲ್ಲ, ಬಿಸಿ ಎಂಜಿನ್ ಸ್ಟಾರ್ಟ್ ಮಾಡುವಾಗ ತಕರಾರೂ ಇಲ್ಲ. ಕೆಲಸ ಬೇಗ ಮುಗಿಯುತ್ತದೆ, ಅಳತೆ ಹೊಂದದ ಚಿಂತೆಯೂ ಇಲ್ಲ. ಖರ್ಚು ಮಾತ್ರ ಮೂರರಲ್ಲಿ ಅತಿ ಹೆಚ್ಚು. ಅದಕ್ಕಿಂತ ನನಗೆ ಬೇಸರ ತಂದದ್ದು, ಚೆನ್ನಾಗಿಯೇ ಇರುವ ತೇಲು, ಗೂಡು, ರೆಗ್ಯುಲೇಟರ್ ಎಲ್ಲವನ್ನೂ ಸುಮ್ಮನೆ ಎಸೆಯಬೇಕಾಗುವುದು. ಗೂಡು ಬಿರುಕು ಬಿಟ್ಟಿದ್ದರೆ ಅಥವಾ ರೆಗ್ಯುಲೇಟರ್ ಕೈಕೊಟ್ಟಿದ್ದರೆ ಬೇರೆ ಯೋಚನೆ ಬೇಡ, ಇದನ್ನೇ ಹಾಕಿ.

ಅದೇ ಹಳೆಯ ಗೂಡಿಗೆ ಮೋಟರ್ ಕಿಟ್ ಹಾಕಿದಾಗಲೂ ಗೇಜ್ ತೋರಿಸಿದ್ದು ಅದೇ 3. ಓಡಿಸುವಾಗ ಅಸೆಂಬ್ಲಿಗೂ ಇದಕ್ಕೂ ನನಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಇನ್ನು ಷರತ್ತು. ಪಂಪಿನಿಂದ ಹೊರಡುವ ಗಿಡ್ಡ ಪೈಪ್ ಸದಾ ಪೆಟ್ರೋಲಿನಲ್ಲಿ ಮುಳುಗಿರುತ್ತದೆ. ಸಾಮಾನ್ಯ ಇಂಜೆಕ್ಷನ್ ಪೈಪಿನ ಒಳಪದರ ಪೆಟ್ರೋಲನ್ನು ತಡೆದುಕೊಳ್ಳುತ್ತದೆ, ಹೊರಪದರ ತಡೆಯುವುದಿಲ್ಲ. ಮುಳುಗಿಸಿಟ್ಟರೆ ಮೆತ್ತಗಾಗಿ ಉದುರುತ್ತದೆ. ಆ ಚೂರುಗಳು ಫಿಲ್ಟರಿಗೆ ಹೋಗಿ ಕಟ್ಟಿಕೊಳ್ಳುತ್ತವೆ. ಅದಕ್ಕೆ ಮುಳುಗಿ ಇರಲೆಂದೇ ಮಾಡಿದ, ಎಸ್‌ಎಇ 30ಆರ್10 ಎಂದು ಬರೆದಿರುವ ಪೈಪ್ ಹಾಕಬೇಕು. ರಬ್ಬರಿಗೆ ಕಚ್ಚಿ ಸೀಳುವ ಹಲ್ಲಿನ ಕ್ಲಿಪ್ ಬೇಡ, ಸುತ್ತಲೂ ಸಮನಾಗಿ ಒತ್ತುವ ಇಂಜೆಕ್ಷನ್ ಕ್ಲಿಪ್ಪೇ ಬೇಕು. ಕಿಟ್ಟಿನ ಜೊತೆ ಬರುವ ಪೈಪ್, ಕ್ಲಿಪ್ಪುಗಳಲ್ಲಿ ನನಗೆ ಭರವಸೆ ಇಲ್ಲ, ಅವೆರಡನ್ನೂ ಬೇರೆಯಾಗಿಯೇ ತರುತ್ತೇನೆ. ಎಥನಾಲ್ ಬೆರೆತ ಪೆಟ್ರೋಲ್ ಬಳಸುವವರಿಗೆ ರಬ್ಬರಿನ ಗುಣಮಟ್ಟ ಇನ್ನಷ್ಟು ಮುಖ್ಯ.

ದೊಡ್ಡ ಪಂಪಿನ ಬಗ್ಗೆ ಹೇಳುವುದು ಸ್ವಲ್ಪವೇ. ಒತ್ತಡವನ್ನು ನಿರ್ಧರಿಸುವುದು ರೆಗ್ಯುಲೇಟರ್, ಪೆಟ್ರೋಲಿನ ಪ್ರಮಾಣವನ್ನು ನಿರ್ಧರಿಸುವುದು ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು. ಹೆಚ್ಚಾಗಿ ಬಂದ ಪೆಟ್ರೋಲ್ ಮರಳಿ ಟ್ಯಾಂಕಿಗೇ ಸುರಿಯುತ್ತದೆ. ಪಿಕಪ್ ಕೂದಲೆಳೆಯಷ್ಟೂ ಹೆಚ್ಚಲಿಲ್ಲ. ಹೆಚ್ಚಿದ್ದು ಪಂಪಿನ ಸದ್ದು, ಅದು ಎಳೆಯುವ ಕರೆಂಟು. ಟರ್ಬೋ ಹಾಕಿ, ದೊಡ್ಡ ಇಂಜೆಕ್ಟರ್ ಕೂರಿಸಿ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಬದಲಿಸಿದ ಎಂಜಿನ್ನಿಗೆ ಇದು ಬೇಕಾಗಬಹುದು. ಮಾಮೂಲಿ ಎಂಜಿನ್ನಿಗೆ ಖಂಡಿತ ಬೇಡ.

ಫಿಲ್ಟರಿನಲ್ಲೂ ಆಯ್ಕೆ ಉಂಟು. ಪಂಪಿನ ಬಾಯಲ್ಲಿರುವ ಜಾಲರಿ ದೊಡ್ಡ ಕಸವನ್ನಷ್ಟೇ ತಡೆಯುತ್ತದೆ. ಸಣ್ಣ ಧೂಳು ಹಿಡಿಯುವುದು ಪೆಟ್ರೋಲ್ ಪಂಪಿನಿಂದ ಹೊರಟ ಮೇಲೆ ಹಾಯುವ ಫಿಲ್ಟರ್. ತೊಳೆದು ಮತ್ತೆ ಬಳಸುವ ಸ್ಟೀಲ್ ಜಾಲರಿಯ ಫಿಲ್ಟರನ್ನೂ ಹಾಕಿ ನೋಡಿದೆ. ನೋಡಲು ಗಟ್ಟಿಮುಟ್ಟು, ಆದರೆ ಅಂಥವುಗಳ ರಂಧ್ರಗಳು ಸಾಮಾನ್ಯವಾಗಿ 30-40 ಮೈಕ್ರಾನ್‌ನವು (ಒಂದು ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಒಳ್ಳೆಯ ಕಾಗದದ ಫಿಲ್ಟರ್ 10 ಮೈಕ್ರಾನ್ ಧೂಳನ್ನೂ ಹಿಡಿಯುತ್ತದೆ. ಇಂಜೆಕ್ಟರಿನ ರಂಧ್ರಗಳು ಎಷ್ಟು ಸಣ್ಣವೆಂದು ನೋಡಿದವರು ಕಾಗದದ್ದನ್ನೇ ಆರಿಸುತ್ತಾರೆ. ಕಾರ್ಬ್ಯುರೇಟರ್ ಬೈಕಿನ ಮಾತು ಬೇರೆ. ಅಲ್ಲಿ ಪೆಟ್ರೋಲ್ ತನ್ನ ಭಾರಕ್ಕೇ ಇಳಿಯುವುದರಿಂದ ಒತ್ತಡದ ಪಂಪಿಗೆಂದು ಮಾಡಿದ ಬಿಗಿ ಫಿಲ್ಟರ್ ಹಾಕಿದರೆ ಹರಿವೇ ಕುಂಠಿತವಾಗುತ್ತದೆ.

ಯಾವ ದಾರಿ ಹಿಡಿದರೂ ಬ್ಯಾಟರಿ ಬಿಚ್ಚಿ, ಪೈಪಿನ ಒತ್ತಡ ಇಳಿಸಿ, ಟ್ಯಾಂಕ್ ಖಾಲಿ ಮಾಡಿ, ಕಿಡಿ ಬೆಂಕಿಯಿಲ್ಲದ ಗಾಳಿಯಾಡುವ ಜಾಗದಲ್ಲೇ ಕೆಲಸ ಮಾಡಬೇಕು. ತಳದ ಸೀಲ್ ಪೆಟ್ರೋಲ್ ಕುಡಿದು ಹಿಗ್ಗಿರುತ್ತದೆ, ಮತ್ತೆ ತೋಡಿನಲ್ಲಿ ಸರಿಯಾಗಿ ಕೂರುವುದಿಲ್ಲ, ಅದೂ ಹೊಸದೇ ಆಗಲಿ. ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿಯಿರಿ. ಕೊನೆಗೆ ಸ್ವಲ್ಪ ಪೆಟ್ರೋಲ್ ಹಾಕಿ, ಬ್ಯಾಟರಿ ಜೋಡಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಕೀ ಆನ್-ಆಫ್ ಮಾಡಿ, ಪಂಪ್ ಗುಂಯ್ ಎನ್ನುವ ಎರಡು-ಮೂರು ಸೆಕೆಂಡಿನಲ್ಲಿ ಜೋಡಣೆಗಳನ್ನು ಒಣ ಬಟ್ಟೆಯಿಂದ ಒರೆಸಿ ನೋಡಿ. ಟ್ಯಾಂಕ್ ತುಂಬಿಸಿದ ಮೇಲೆ ಇನ್ನೊಮ್ಮೆ ನೋಡಿ, ಯಾಕೆಂದರೆ ಕಡಿಮೆ ಪೆಟ್ರೋಲ್ ಇದ್ದಾಗ ಕಾಣದ ಸೋರಿಕೆ ಆಗ ಕಾಣುತ್ತದೆ.