ಹಂಪನಕಟ್ಟೆಯ ಹಳೆಯ ಕಾರ್ಡಂಗಡಿ: ಹಿಂಬದಿಯನ್ನೂ ನೋಡಿಯೇ ಕೊಳ್ಳಿ

ಹಂಪನಕಟ್ಟೆಯ ಹತ್ತಿರ ಓಣಿಯೊಂದರ ಮಾಳಿಗೆಯ ಮೇಲೆ ಹಳೆಯ ನಾಣ್ಯ, ಅಂಚೆಚೀಟಿ ಮಾರುವ ಪುಟ್ಟ ಅಂಗಡಿಯಿದೆ. ಅಲ್ಲಿ ಕ್ರೀಡಾಪಟುಗಳ ಚಿತ್ರವಿರುವ ಹಳೆಯ ಕಾರ್ಡುಗಳೂ ಸಿಗುತ್ತವೆ. ಬೀಡಿ ಲೇಬಲ್, ಮದುವೆ ಕಾಗದಗಳ ವಿನ್ಯಾಸ ಮಾಡಿ ಬದುಕುವ ನನಗೆ ಮಂಗಳೂರಿನಲ್ಲಿ ಇದಕ್ಕಿಂತ ಒಳ್ಳೆಯ ಪಾಠಶಾಲೆ ಸಿಕ್ಕಿಲ್ಲ.

ಮೊದಲು ಸಿಗರೇಟ್ ಕಾರ್ಡುಗಳ ಆಲ್ಬಂ ಕೇಳಿ. ಪ್ಯಾಕು ಮುದುಡದಿರಲೆಂದು ಒಳಗಿಡುತ್ತಿದ್ದ ರಟ್ಟಿನ ಮೇಲೆ ಚಿತ್ರ ಅಚ್ಚು ಹಾಕಲು ಹೊರಟಲ್ಲಿಂದ ಬೆಳೆದ ಕಲೆ ಇದು. ಇಂಗ್ಲೆಂಡಿನ ವಿಲ್ಸ್ ಕಂಪನಿ 1896ರಲ್ಲೇ ಕ್ರಿಕೆಟಿಗರ ಸರಣಿ ತಂದಿತ್ತು. ಇಲ್ಲಿರುವುದು ಜಾನ್ ಪ್ಲೇಯರ್ ಕಂಪನಿಯ 1938ರ ಸರಣಿಯ ಬಿಡಿ ಕಾರ್ಡುಗಳು. 50ರ ಪೂರ್ತಿ ಕಟ್ಟು ಇಲ್ಲ. ಅಗಲ ಎರಡು ಬೆರಳಿನಷ್ಟೇ. ಆ ಜಾಗದಲ್ಲೇ ಆಟಗಾರನ ಚಿತ್ರ, ಹೆಸರು ಎಲ್ಲ ಹಿಡಿಸಿದ್ದಾರೆ, ಆದರೂ ಎಲ್ಲಿಯೂ ಇಕ್ಕಟ್ಟು ಅನಿಸುವುದಿಲ್ಲ. ನಾನು ಮುಂಬದಿಯಲ್ಲೇ ಮೈಮರೆತಿದ್ದಾಗ ಅಂಗಡಿಯವರು, “ಅಕ್ಕ, ತಿರುಗಿಸಿ ನೋಡಿ, ಹಿಂದೆಯೂ ಉಂಟು” ಎಂದರು. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಆ ಆಟಗಾರನ ಸಾಧನೆಯೆಲ್ಲ ಇತ್ತು. ಕಾರ್ಡನ್ನು ಗಾಜಿನೊಳಗೆ ಬೀಗ ಹಾಕಿಡದೆ ಗಿರಾಕಿಯ ಕೈಗೆ ಕೊಡುವ ಈ ಗುಣಕ್ಕಾಗಿಯೇ ನಾನು ಅಲ್ಲಿಗೆ ಹೋಗುತ್ತೇನೆ.

ಭೂತಗನ್ನಡಿ ಒಯ್ಯಲು ಮರೆಯಬೇಡಿ. ಹಳೆಯ ಕಾರ್ಡಿನಲ್ಲಿ ಹೆಸರಿನ ಅಕ್ಷರ ಸಾಮಾನ್ಯವಾಗಿ ಒಂದೇ ಶಾಯಿಯಲ್ಲಿ ಗಟ್ಟಿಯಾಗಿ, ಅಂಚು ಒಡೆಯದೆ ನಿಂತಿರುತ್ತದೆ. ಕಾರ್ಡಿನದೇ ಫೋಟೋ ತೆಗೆದು ಮತ್ತೆ ಅಚ್ಚು ಹಾಕಿದ್ದರೆ ಅಕ್ಷರವೂ ಬಣ್ಣಬಣ್ಣದ ಚುಕ್ಕೆಗಳಾಗಿ ಚೆದುರುತ್ತದೆ. 1843ರಲ್ಲಿ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನಲ್ಲಿ ಹೊರಬಂದ ಊರು ನಮ್ಮದು. ಅಚ್ಚಿನ ಗುಣ ನೋಡುವ ಕಣ್ಣು ನಮಗೆ ಇರಲೇಬೇಕು.

ಅಮೆರಿಕದ ಟಾಪ್ಸ್ ಕಂಪನಿಯ 1952ರ ಬೇಸ್‌ಬಾಲ್ ಕಾರ್ಡುಗಳೂ ಕೆಲವು ಇವೆ, ಆದರೆ ಅವು 1983ರ ಮರುಮುದ್ರಣ. ಮೂಲ ಕಾರ್ಡು 2⅝ ಇಂಚು ಅಗಲ, 3¾ ಇಂಚು ಉದ್ದವಿತ್ತು; ಮರುಮುದ್ರಣ ಅದಕ್ಕಿಂತ ಚಿಕ್ಕದು, 2½ಕ್ಕೆ 3½. ಅಂಗಡಿಯವರು ಕೇಳಿದ ಕೂಡಲೇ ನಿಜ ಹೇಳಿದರು, ಆದರೆ ಆಲ್ಬಮ್ಮಿನ ಮೇಲೆ ಬರೆದಿಡಬೇಕಿತ್ತು. ವಿನ್ಯಾಸ ಮಾತ್ರ ಇಂದಿಗೂ ಹೊಸದು. ಸೈ ಬರ್ಗರ್ ಮತ್ತು ವುಡಿ ಗೆಲ್ಮನ್ ರೂಪಿಸಿದ್ದು. ಬಣ್ಣ ತುಂಬಿದ ಚಿತ್ರ, ಕೆಳಗೆ ಹೆಸರಿನ ಪಟ್ಟಿ, ಅದರೊಳಗೇ ಆಟಗಾರನ ಸಹಿ, ಪಕ್ಕದಲ್ಲಿ ತಂಡದ ಲಾಂಛನ. ಹಿಂಬದಿಯಲ್ಲಿ ಅದರ ಹಿಂದಿನ ವರ್ಷದ ಹಾಗೂ ಒಟ್ಟು ಆಟದ ಅಂಕಿಅಂಶ. ಬೇಸ್‌ಬಾಲಿನ ಗಂಧಗಾಳಿ ಇಲ್ಲದ ನನಗೂ ಕಣ್ಣು ಎಲ್ಲಿಂದ ಎಲ್ಲಿಗೆ ಹೋಗಬೇಕೆಂದು ಆ ಕಾರ್ಡೇ ಹೇಳಿತು. ಇಂದಿನ ಮದುವೆ ಕಾಗದಗಳಲ್ಲಿ ವಧುವಿನ ಹೆಸರನ್ನೇ ಹುಡುಕಬೇಕಾಗುತ್ತದೆ.

ತೊಂಬತ್ತರ ದಶಕದ ಕುಸ್ತಿಪಟುಗಳ ಟ್ರಂಪ್ ಕಾರ್ಡು ಒಂದು ಕಟ್ಟು 400 ರೂಪಾಯಿಗೆ ಕೊಂಡೆ. ಅಂಚು ಸವೆದು ಬೆಳ್ಳಗಾಗಿದೆ, ಒಂದರ ಮೂಲೆಯಲ್ಲಿ ಯಾವುದೋ ಮಗು ಬಾಲ್‌ಪೆನ್ನಿನಿಂದ ‘ನಂದು’ ಎಂದು ಬರೆದಿದೆ. ಎತ್ತರ, ತೂಕ, ರ‍್ಯಾಂಕು: ಅಂಕಿಗಳೇ ಇಲ್ಲಿ ಆಟ, ಹಾಗಾಗಿ ಅವನ್ನು ಸಾಲಾಗಿ, ತಟ್ಟನೆ ಕಣ್ಣಿಗೆ ಬೀಳುವಂತೆ ಇಟ್ಟಿದ್ದಾರೆ.

ನನ್ನ ದೊಡ್ಡ ತಕರಾರು ಲ್ಯಾಮಿನೇಷನ್. ಮಳೆಗಾಲದ ತೇವಕ್ಕೆ ಕಾರ್ಡು ಬಾಗುತ್ತದೆಂದು ಹಲವಕ್ಕೆ ಬಿಸಿ ಪ್ಲಾಸ್ಟಿಕ್ ಅಂಟಿಸಿಬಿಟ್ಟಿದ್ದಾರೆ. ಆ ಅಂಟು ಇನ್ನು ಬಿಡುವುದಿಲ್ಲ. ಕಾಗದದ ಸ್ಪರ್ಶವೂ ಹೋಯಿತು, ಬೆಲೆಯೂ ಹೋಯಿತು. ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಮುಚ್ಚಳದ ಡಬ್ಬಿ ಸಾಕಿತ್ತು. ಅವರಿಗೂ ಇದನ್ನೇ ಹೇಳಿದ್ದೇನೆ, ಮತ್ತೆ ಹೇಳುತ್ತೇನೆ.

ಪ್ಲಾಸ್ಟಿಕ್ ಹಾಕದ ಎರಡು ಆಲ್ಬಂ ಒಳಗಿನ ಕಪಾಟಿನಲ್ಲಿ ಇವೆ. ಕೇಳಿದರಷ್ಟೇ ತೆಗೆಯುತ್ತಾರೆ. ಭಾನುವಾರ ರಜೆ.